ಬೆನ್ನಿಗೊಂದು ಗಂಟು, ಮಲಪ್ರಭೆಯ ದಂಡೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ - ಈ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮಲ್ಲಿ ಬಿದ್ದಿದೆ. ಹೇಳುವುದಷ್ಟೇ ಅಲ್ಲ, ಒಂದೇ ಉಸಿರಿನಲ್ಲಿ ನೋಡಿ ಮುಗಿಸುವ ರೂಢಿಯೂ ಬಿದ್ದಿದೆ. ಬೆಳಿಗ್ಗೆ ಬಾದಾಮಿಯ ಮೇಣಬಸದಿ ಹತ್ತಿ ಇಳಿದು, ಮಧ್ಯಾಹ್ನ ಪಟ್ಟದಕಲ್ಲಿನ ಹುಲ್ಲುಹಾಸಿನ ಮೇಲೆ ನಿಂತು ಚಿತ್ರ ತೆಗೆದುಕೊಂಡು, ಹೊತ್ತು ಮುಳುಗುವ ಮುನ್ನ ಐಹೊಳೆಯ ದುರ್ಗದ ಗುಡಿಯ ಸುತ್ತ ಒಂದು ಸುತ್ತು ಬಂದರೆ, ಚಾಲುಕ್ಯರ ಇನ್ನೂರು ವರ್ಷಗಳ ರಾಜ್ಯಭಾರ ಒಂದು ದಿನದಲ್ಲಿ ತೀರಿಹೋಗುತ್ತದೆ. ರಾತ್ರಿಯ ಊಟಕ್ಕೆ ಹುಬ್ಬಳ್ಳಿಯನ್ನೋ ಹೊಸಪೇಟೆಯನ್ನೋ ಮುಟ್ಟಬಹುದು.

ಈ ಪರಿಯ ಪ್ರವಾಸವನ್ನು ನಾನು ಹಳಿಯುವುದಿಲ್ಲ. ವಯಸ್ಸಾದವರಿಗೆ, ಮಕ್ಕಳೊಂದಿಗರಿಗೆ ಅದೇ ಸರಿ. ಆದರೆ ಕಾಲಲ್ಲಿ ಬಲವುಳ್ಳವರು, ಅದರಲ್ಲೂ ತರುಣರು, ಬೇರೊಂದು ರೀತಿಯಲ್ಲಿ ಈ ಸೀಮೆಯನ್ನು ನೋಡಬಹುದೆಂದು ಹೇಳುವುದಕ್ಕಾಗಿ ಇಂದಿನ ಈ ಮಾತು. ಬೆನ್ನಿಗೆ ಒಂದು ಚೀಲ ಏರಿಸಿ, ಐದಾರು ದಿನದ ಬಿಡುವು ಮಾಡಿಕೊಂಡು, ಸಾಧ್ಯವಿದ್ದಲ್ಲಿ ನಡೆದು, ಆಗದಿದ್ದಲ್ಲಿ ಹಳ್ಳಿಯ ಬಸ್ಸು ಹಿಡಿದು, ರಾತ್ರಿ ಆಯಾ ಊರಿನಲ್ಲಿಯೇ ಉಳಿದು ಹೋಗುವುದು. ಇದು ಪರದೇಶದ ತರುಣರು ನಮಗೆ ಕಲಿಸಿದ ಹೊಸ ಚಾಳಿ ಎಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಹೆಗಲಿಗೆ ಜೋಳಿಗೆ ಹಾಕಿ ಊರೂರು ತಿರುಗಿದ ಜಂಗಮರು, ಬುತ್ತಿ ಕಟ್ಟಿಕೊಂಡು ಬನಶಂಕರಿಯ ಜಾತ್ರೆಗೆ ನಡೆದು ಬಂದ ಒಕ್ಕಲಿಗರು ಇದೇ ನೆಲದವರು. ಐಹೊಳೆಯಂತೂ ಗಂಟು ಹೊತ್ತವರ ಊರೇ. ಅಯ್ಯವೊಳೆ ಐನೂರ್ವರು ಎಂಬ ವರ್ತಕರ ಸಂಘ ಈ ಊರಿನ ಹೆಸರನ್ನು ಹೊತ್ತು ದಕ್ಷಿಣ ಭಾರತವನ್ನೆಲ್ಲ ಸುತ್ತಿತು. ೧೦೮೮ರ ಹೊತ್ತಿಗೆ ಆ ಐನೂರ್ವರು ಸಮುದ್ರ ದಾಟಿ ಸುಮಾತ್ರ ದ್ವೀಪದಲ್ಲಿ ತಮಿಳು ಶಾಸನವೊಂದನ್ನು ನೆಡಿಸಿದ್ದರು. ಇಂದು ಐಹೊಳೆಯಲ್ಲಿ ನಿಂತು ಈ ಮಾತು ನೆನೆದರೆ ನಗು ಬರಬಹುದು. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಒಂದು ಊಟ ಸಿಗುವುದೂ ಕೆಲವೊಮ್ಮೆ ಕಷ್ಟ.

ಹೊರಡುವ ಕಾಲದ ಬಗೆಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗೆ ಸರಿಯಾದ ಹಂಗಾಮು. ಚೈತ್ರ, ವೈಶಾಖಗಳಲ್ಲಿ ಈ ಕೆಂಪು ಕಲ್ಲು ಕಾದ ಹಂಚಿನಂತಾಗುತ್ತದೆ, ಬರಿಗಾಲಿನಲ್ಲಿ ಗುಡಿಯ ಪ್ರಾಕಾರ ಸುತ್ತುವ ಭಕ್ತಿ ಯಾರಿಗೂ ಉಳಿಯುವುದಿಲ್ಲ. ಮಾಗಿಯಲ್ಲಾದರೆ ಜೋಳ ಹಾಲುಗಾಳಾಗಿ ನಿಂತಿರುತ್ತದೆ, ಹೊಲದ ಬದುವಿನಲ್ಲಿ ಸೀತನಿ ಸುಡುವ ಹೊಗೆ ಏಳುತ್ತಿರುತ್ತದೆ, ದಾರಿಹೋಕನನ್ನು ಕರೆದು ಒಂದು ಬೊಗಸೆ ಕೊಡದ ಒಕ್ಕಲಿಗ ಅಪರೂಪ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಬಾಟಲಿ, ಬ್ಯಾಟರಿ ದೀಪ ಇದ್ದರೆ ಸಾಕು. ಬಾಳೆಹಣ್ಣನ್ನು ಮಾತ್ರ ಕಾಣುವಂತೆ ಇಟ್ಟುಕೊಳ್ಳಬೇಡಿರಿ. ಬಾದಾಮಿಯ ಮಂಗಗಳು ವಾತಾಪಿಯ ಪೂರ್ವಜನಂತೆ ಹೊಟ್ಟೆಯೊಳಗಿಂದ ಹೊರಬರುವುದಿಲ್ಲ, ಎದುರಿನಿಂದಲೇ ಬಂದು ಕಸಿದುಕೊಳ್ಳುತ್ತವೆ.

ಮೊದಲು ಬಾದಾಮಿ. ಎರಡು ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥ, ಅದರ ಪಡುವಣ ಏರಿಗೆ ಆತುಕೊಂಡು ಊರು. ತೆಂಕಣ ಗುಡ್ಡದ ನಾಲ್ಕು ಗುಹೆಗಳನ್ನು ಎಲ್ಲರೂ ನೋಡುತ್ತಾರೆ. ಹದಿನೆಂಟು ಕೈಗಳ ನಟರಾಜನ ಎದುರು ಎಲ್ಲರೂ ನಿಲ್ಲುತ್ತಾರೆ. ಮೂರನೆಯ ಗುಹೆಯನ್ನು ಮಂಗಲೇಶನು ೫೭೮ರಲ್ಲಿ, ಅಣ್ಣ ಕೀರ್ತಿವರ್ಮನು ಆಳುತ್ತಿದ್ದಾಗ, ಮಾಡಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಇಷ್ಟನ್ನು ಮಾರ್ಗದರ್ಶಿಗಳು ಚೆನ್ನಾಗಿ ವಿವರಿಸುವುದರಿಂದ ನಾನು ಅಲ್ಲಿ ನಿಲ್ಲುವುದಿಲ್ಲ.

ರಾತ್ರಿ ಊರಿನಲ್ಲಿ ಉಳಿದವನಿಗೆ ಸಿಗುವುದು ಬಾದಾಮಿಯ ಬೆಳಗು. ಬಸ್ಸುಗಳು ಬರುವುದಕ್ಕೆ ಇನ್ನೂ ಎರಡು ಮೂರು ತಾಸು ಇರುವಾಗ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ಏಳುತ್ತದೆ, ಅದು ಎರಡೂ ಗುಡ್ಡಗಳಿಗೆ ಬಡಿದು ಮರಳಿ ಬರುತ್ತದೆ. ಭೂತನಾಥನ ಗುಡಿ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಆಗ ಬಡಗಣ ದಂಡೆಯ ಕಡೆ ನಡೆಯಬೇಕು. ಬಂಡೆಯೊಂದರ ಮೇಲೆ, ೫೪೩ರಲ್ಲಿ ಮೊದಲನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆಯಾಗಿ ಮಾಡಿದ ಸಂಗತಿ ಇದೆ. ಇನ್ನೊಂದು ಬಂಡೆಯ ಮೇಲೆ ಪಲ್ಲವ ನರಸಿಂಹವರ್ಮನ ಬರಹ. ೬೪೨ರ ಸುಮಾರಿಗೆ ಆತ ಊರನ್ನು ಗೆದ್ದು ಇಮ್ಮಡಿ ಪುಲಕೇಶಿಯ ಆಳ್ವಿಕೆಗೆ ಕೊನೆ ತಂದವನು. ನೂರು ವರ್ಷಗಳಾದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಆದರೆ ಊರನ್ನು ಸೂರೆ ಮಾಡದೆ, ಕೈಲಾಸನಾಥನ ಒಡವೆಯನ್ನು ದೇವರಿಗೇ ಬಿಟ್ಟುಕೊಟ್ಟು, ಆ ಮಾತನ್ನು ಅಲ್ಲಿಯ ಗುಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿ ಬಂದ. ಹಗೆ ತೀರಿಸಿಕೊಳ್ಳುವುದಕ್ಕೂ ಒಂದು ರೀತಿ ಉಂಟು. ಕೆರೆಯ ಮೂಡಣ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ೭೦೦ರ ಬರಹ ಅದು. ನಮ್ಮ ತ್ರಿಪದಿಯ ಅತಿ ಹಳೆಯ ರೂಪ ದೊರೆಯುವುದು ಅಲ್ಲಿಯೇ. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡುತ್ತಿದ್ದ ಮಟ್ಟು ಸಾವಿರದ ಮುನ್ನೂರು ವರ್ಷಗಳಿಂದ ಆ ಕಲ್ಲಿನ ಮೇಲೆ ಕುಳಿತಿದೆ.

ಗುಹೆಗಳಿಂದ ಇಳಿದು ಓಣಿಗಳನ್ನು ಹೊಕ್ಕರೆ ಗುಡ್ಡದ ಕೆಂಪು ಕಲ್ಲಿನವೇ ಗೋಡೆಗಳು, ಮೇಲೆ ಮೇಲುಮುದ್ದೆಯ ಮಣ್ಣಿನ ಮಾಳಿಗೆ. ಈಗೀಗ ಸಿಮೆಂಟು ಹೆಚ್ಚಿದೆ. ಆದರೂ ಹಳೆಯ ಮನೆಗಳು ಉಳಿದಿರುವಲ್ಲಿ ಕಂಬ, ಬೋದಿಗೆ, ತೊಲೆಗಳನ್ನು ನೋಡಿಕೊಂಡು ಹೋಗಿರಿ. ಐಹೊಳೆಯಲ್ಲಿ ಇದೇ ಕಂಬ, ಬೋದಿಗೆ, ತೊಲೆ ಕಲ್ಲಿನಲ್ಲಿ ಎದುರಾಗುತ್ತವೆ. ಲಾಡಖಾನ ಗುಡಿಯ ಇಳಿಜಾರಿನ ಚಾವಣಿಯ ಮೇಲೆ, ಚಪ್ಪಡಿಗಳು ಕೂಡುವ ಸಂದಿಗಳಿಗೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮುಚ್ಚಿದ್ದಾರೆ, ಮರದ ತೊಲೆಗಳನ್ನು ಇಟ್ಟಂತೆ. ಮನೆ ಕಟ್ಟುವ ಬಡಿಗನ ಕೈ ಅಲ್ಲಿ ಕಲ್ಲಿನ ಮೇಲೆ ಆಡಿದೆ. ಮನೆಯನ್ನು ನೋಡದೆ ಗುಡಿಯನ್ನಷ್ಟೇ ನೋಡಿದವನಿಗೆ ಇದು ಹೊಳೆಯುವುದು ಕಷ್ಟ.

ಬಾದಾಮಿಯಿಂದ ಐದು ಕಿಲೋಮೀಟರ್ ಬನಶಂಕರಿ. ಪುಷ್ಯದ ಹುಣ್ಣಿಮೆಗೆ ತೇರು. ಅದರ ಹಿಂದೆ ಒಂದು ತಿಂಗಳ ಜಾತ್ರೆ, ನಾಟಕ ಕಂಪನಿಗಳ ಡೇರೆಗಳು. ಜಾತ್ರೆಯಿಲ್ಲದ ದಿನವೂ ಗುಡಿಯ ಎದುರು ಬುಟ್ಟಿ ಇಟ್ಟುಕೊಂಡ ಹೆಣ್ಣುಮಕ್ಕಳು ಕುಳಿತಿರುತ್ತಾರೆ. ಕಡಕ್ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಸಣ್ಣ ಮಡಕೆಯಲ್ಲಿ ಗಟ್ಟಿ ಮೊಸರು. ನೆಲದ ಮೇಲೆ ಕುಳಿತು ಉಣ್ಣುವ ಈ ಊಟಕ್ಕೆ ನಗರದ ಹೋಟೆಲುಗಳಲ್ಲಿ ಸಾಟಿಯಿಲ್ಲವೆಂದು ನನ್ನ ಅಭಿಪ್ರಾಯ. ಎರಡು ದಿನಕ್ಕಾಗುವಷ್ಟು ರೊಟ್ಟಿಯನ್ನು ಇಲ್ಲಿಯೇ ಕಟ್ಟಿಸಿಕೊಳ್ಳುವುದು ಜಾಣತನ. ಅದು ಕೆಡುವುದಿಲ್ಲ, ಭಾರವೂ ಇಲ್ಲ.

ಬಾದಾಮಿಯಿಂದ ಮಹಾಕೂಟಕ್ಕೆ ವಾಹನಗಳು ಸುತ್ತುಹಾಕಿ ಹೋಗುತ್ತವೆ. ನಡೆಯುವವನಿಗೆ ಗುಡ್ಡದ ಮೇಲಿಂದ ಹಳೆಯ ಕಾಲುದಾರಿಯುಂಟು, ಎರಡು ತಾಸಿನ ನಡಿಗೆ. ಮೊದಲು ಏರು, ಆಮೇಲೆ ಚಪ್ಪಡಿ ಬಂಡೆಗಳ ಬಯಲು, ಕುರುಚಲು ಗಿಡ, ಕುರಿಗಾಹಿಗಳ ಕೂಗು. ಕೊನೆಗೆ ಕಣಿವೆಗೆ ಇಳಿಯುವ ಮೆಟ್ಟಿಲುಗಳು, ಹಳೆಯ ದ್ವಾರ, ಅದರ ಎರಡು ಬದಿಗೆ ಎಲುಬಿನ ಹಂದರದಂಥ ವಿಗ್ರಹಗಳು. ಬಿಸಿಲಲ್ಲಿ ನಡೆದು ಬಂದವನಿಗೆ ಅವು ತನ್ನ ಪ್ರತಿಬಿಂಬದಂತೆ ಕಾಣಬಹುದು. ಆದರೆ ಒಳಗೆ ಹೋದೊಡನೆ ದೊಡ್ಡ ಮರಗಳ ನೆರಳು, ಬುಗ್ಗೆಯ ನೀರು ತುಂಬಿದ ಪುಷ್ಕರಿಣಿ. ಊರ ಹುಡುಗರು ಕಟ್ಟೆಯಿಂದ ನೀರಿಗೆ ಹಾರುತ್ತಿರುತ್ತಾರೆ. ನೀವೂ ಇಳಿಯಬಹುದು. ಮಂಗಲೇಶನ ದೊಡ್ಡ ಶಾಸನಸ್ತಂಭ ಇಲ್ಲಿಯದು. ಅದನ್ನು ನೋಡಲು ಈಗ ವಿಜಯಪುರದ ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ವಾಹನದಲ್ಲಿ ಬಂದವನಿಗೆ ಮಹಾಕೂಟ ಪಟ್ಟಿಯಲ್ಲಿಯ ಇನ್ನೊಂದು ದೇವಾಲಯ. ನಡೆದು ಬಂದವನಿಗೆ ಗುಡ್ಡದ ನಡುವೆ ಈ ಜಾಗಕ್ಕೆ ತೀರ್ಥವೆಂದು ಏಕೆ ಹೆಸರಾಯಿತೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಮುಂದೆ ನಂದಿಕೇಶ್ವರದ ಮೇಲಿಂದ ಪಟ್ಟದಕಲ್ಲು. ೧೯೮೭ರಿಂದ ಇದು ವಿಶ್ವ ಪರಂಪರೆಯ ತಾಣ. ಮಲಪ್ರಭೆ ಇಲ್ಲಿ ಬಡಗಣ ದಿಕ್ಕಿಗೆ ತಿರುಗಿ ಹರಿಯುವುದರಿಂದ ಹಿಂದಿನವರು ಈ ದಂಡೆಯನ್ನು ಪುಣ್ಯಸ್ಥಳವೆಂದು ಆರಿಸಿಕೊಂಡರು. ಕಂಚಿಯ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ, ಅದರ ಮಗ್ಗುಲಲ್ಲಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಕಟ್ಟಿಸಿದ ರಾಣಿಯ ಹೆಸರಿನೊಡನೆ ಕಟ್ಟಿದವನ ಹೆಸರನ್ನೂ ಇಲ್ಲಿ ಕೆತ್ತಿದ್ದಾರೆ: ಗುಂಡ ಅನಿವಾರಿತಾಚಾರಿ. ಕಲ್ಲುಕುಟಿಗನಿಗೆ ಬಿರುದು ಕೊಟ್ಟು ಗುಡಿಯ ಮೇಲೆ ಬರೆಸಿದ ರಾಜ್ಯವದು.

ಒಂದು ರಾತ್ರಿ ಈ ಕಡೆ ಉಳಿಯಲು ಆಸರೆ ಸಿಕ್ಕಿದರೆ, ಮರುದಿನ ಊರ ಹುಡುಗನೊಬ್ಬನನ್ನು ಜೊತೆ ಮಾಡಿಕೊಂಡು ಶಂಕರಲಿಂಗನ ಗುಡ್ಡಕ್ಕೆ ಹೋಗಿರಿ. ಐದಾರು ಕಿಲೋಮೀಟರಿನ ದಾರಿ. ಪಟ್ಟದಕಲ್ಲಿನ ಗುಡಿಗಳಿಗೆ ಕಲ್ಲು ಕಿತ್ತ ಗಣಿ ಅದು. ಬಂಡೆಯನ್ನು ಸೀಳಿದ ಗುರುತು, ಬಂಡೆಯ ಮುಖದ ಮೇಲೆ ಗೀರಿದ ದೇವತೆಗಳ ರೇಖೆಗಳು, ಕೆಲಸಗಾರರು ತಾವೇ ಕೊರೆದುಕೊಂಡ ಹೆಸರುಗಳು ಅಲ್ಲಿವೆ. ಮಧ್ಯಾಹ್ನದ ರೊಟ್ಟಿ ತಿಂದು ಉಳಿದ ಹೊತ್ತಿನಲ್ಲಿ ಬರೆದಂತೆ ತೋರುತ್ತದೆ. ಟಿಕೇಟಿಲ್ಲ, ಬೇಲಿಯಿಲ್ಲ, ಕಾವಲುಗಾರನ ಸಿಳ್ಳೆಯಿಲ್ಲ. ವಿರೂಪಾಕ್ಷನ ಗೋಪುರವನ್ನು ಕಂಡು ಕೈಮುಗಿದವನು ಇಲ್ಲಿ ಆ ಕೈಗಳ ಬೆವರನ್ನು ಕಾಣುತ್ತಾನೆ.

ಹೊಳೆಯ ವಿಷಯವನ್ನೂ ಹೇಳಬೇಕು. ಮೇಲೆ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಾದ ಮೇಲೆ ಬೇಸಿಗೆಯಲ್ಲಿ ಮಲಪ್ರಭೆ ಅಲ್ಲಲ್ಲಿ ನಿಂತ ಮಡುಗಳಷ್ಟೇ. ೨೦೧೯ರ ಆಗಸ್ಟಿನಲ್ಲಾದರೋ ಅದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು, ಐಹೊಳೆಯನ್ನೂ ಬಿಡಲಿಲ್ಲ. ನೀರು ಇಳಿದ ಮೇಲೆ ಗುಡಿಗಳು ನಿಂತಿದ್ದವು. ದಂಡೆಯ ಊರುಗಳಲ್ಲಿ ಬಿದ್ದದ್ದು ಮಣ್ಣಿನ ಮನೆಗಳು. ದೇಶದ ಕಣ್ಣು ಗುಡಿಗಳ ಕಡೆ ಇತ್ತು.

ಇಲ್ಲಿಂದ ಐಹೊಳೆಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಬೆಳಗಿನಲ್ಲಿ ಹೊರಟರೆ ಹೊತ್ತೇರುವುದರೊಳಗೆ ನಡೆದು ಮುಟ್ಟಬಹುದು. ಪರಶುರಾಮ ಕೊಡಲಿ ತೊಳೆದಾಗ ನೀರು ಕೆಂಪಾಗಿ, ಕಂಡವರು ‘ಅಯ್ಯೋ ಹೊಳೆ’ ಎಂದರಂತೆ, ಅದರಿಂದ ಐಹೊಳೆಯಾಯಿತಂತೆ. ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಊರವರು ವಿದ್ವಾಂಸರನ್ನು ಒಪ್ಪುವುದಿಲ್ಲ. ಮೇಗುತಿಯ ಗುಡ್ಡದ ಮೇಲೆ ೬೩೪ರಲ್ಲಿ ರವಿಕೀರ್ತಿ ಬರೆಸಿದ ಪುಲಕೇಶಿಯ ಪ್ರಶಸ್ತಿಯನ್ನು ಓದಲಾಗದಿದ್ದರೂ ಅಲ್ಲಿಗೆ ಹತ್ತಬೇಕು. ಮೇಲಿಂದ ನೋಡಿದರೆ ಊರು ಯಾವುದು, ಗುಡಿ ಯಾವುದು ಎಂದು ಬೇರ್ಪಡಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನೂರಕ್ಕೂ ಮಿಕ್ಕಿದ ಗುಡಿಗಳು. ಅವುಗಳ ನಡುವೆ, ಬೆನ್ನಿಗೆ ಬೆನ್ನು ಹಚ್ಚಿ, ಮನೆಗಳು, ಹಿತ್ತಿಲು, ಬಣವೆ, ತಿಪ್ಪೆ.

ಆ ಗುಡಿಗಳ ಹೆಸರುಗಳನ್ನು ಸ್ವಲ್ಪ ಕೇಳಿರಿ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ. ಲಾಡಖಾನನೆಂಬವನು ಒಂದು ಕಾಲಕ್ಕೆ ಒಳಗೆ ವಾಸವಾಗಿದ್ದ ಕಾರಣ ಅದು ಲಾಡಖಾನ ಗುಡಿ. ಆನೆಯ ಬೆನ್ನಿನಂತೆ ಹಿಂದುಗಡೆ ದುಂಡಾದ ಆ ಪ್ರಸಿದ್ಧ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ. ಒಂದು ಕಾಲಕ್ಕೆ ಕೋಟೆಯ ಭಾಗವಾಗಿದ್ದುದರಿಂದ ದುರ್ಗದ ಗುಡಿಯಾಯಿತು. ಕಟ್ಟಿಸಿದ ಅರಸರು ಇಟ್ಟ ಹೆಸರುಗಳು ಎಂದೋ ಅಳಿದುಹೋದವು. ಇಂದು ಜಗತ್ತಿನ ಗ್ರಂಥಗಳಲ್ಲೆಲ್ಲ ಅಚ್ಚಾಗಿರುವುದು ಒಳಗೆ ದನ ಕಟ್ಟಿದವರ, ಅಡುಗೆ ಮಾಡಿದವರ, ಬಾಜು ಮನೆ ಮಾಡಿಕೊಂಡವರ ಹೆಸರುಗಳು. ಬರ್ಜೆಸ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯನ್ನು ಅಳೆಯಲು ಬಂದಾಗ ಯಾರನ್ನು ಕೇಳಿ ಬರೆದುಕೊಂಡಿರಬೇಕು? ಕಟ್ಟೆಯ ಮೇಲೆ ಕುಳಿತವರನ್ನಲ್ಲದೆ ಇನ್ನಾರನ್ನು?

ಈಗ ಅದೇ ಜನ ಅಲ್ಲಿಂದ ಏಳಬೇಕೆಂಬ ಮಾತು ಹಲವು ದಶಕಗಳಿಂದ ನಡೆದಿದೆ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾನೂನಿಗೆ ೨೦೧೦ರಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆ ೨೦೦ ಮೀಟರಿನವರೆಗೆ ಅಪ್ಪಣೆಯಿಲ್ಲದೆ ಕೂಡದು ಎಂದಾಯಿತು. ಹೆಜ್ಜೆಗೊಂದು ಸ್ಮಾರಕವಿರುವ ಐಹೊಳೆಯಂಥ ಊರಿನಲ್ಲಿ ಇದರ ಅರ್ಥವೇನೆಂಬುದನ್ನು ನೀವೇ ಲೆಕ್ಕ ಹಾಕಬಹುದು. ನೀರು ಕೇಳಲು ಹೋದ ಮನೆಯೊಂದರ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕುಳಿತಿದ್ದಳು. ತಂಬಿಗೆಯ ಜೊತೆಗೆ ಬೆಲ್ಲದ ಚೂರನ್ನೂ ತರಿಸಿ ಕೊಟ್ಟಳು. “ಯವ್ವಾ, ಮಾಳಿಗಿ ಕುಸದೈತಲ್ಲ, ದುರಸ್ತಿ ಮಾಡಿಸಲಿಲ್ಲೇನು?” ಎಂದು ಕೇಳಿದೆ. “ಹೆಂಗ ಮಾಡಸೋಣೋ ತಮ್ಮಾ? ಇಂದ ಎಬ್ಬಸ್ತಾರ, ನಾಳೆ ಎಬ್ಬಸ್ತಾರ ಅಂತ ನಮ್ಮತ್ತಿ ಕಾಲದಿಂದ ಕೇಳಕೋತ ಬಂದೇನಿ. ಎಬ್ಬಿಸಿದ್ರ ಹಾಕಿದ ರೊಕ್ಕ ಹೋತು. ಎಬ್ಬಸದಿದ್ರ ಮಾಳಿಗಿ ತಲಿ ಮ್ಯಾಲ ಬೀಳತೈತಿ” ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ. ಮಳೆ ಬರುವುದೋ ಇಲ್ಲವೋ ಎಂದು ಹೇಳುವ ದನಿ ಅದು.

ಗುಡಿಯ ಗೋಡೆಗೆ ಬೆರಣಿ ತಟ್ಟುವುದು, ಕಂಬಕ್ಕೆ ಎಮ್ಮೆ ಕಟ್ಟುವುದು ಸರಿಯೆಂದು ಯಾರೂ ಹೇಳಲಾರರು. ಕಲ್ಲು ಸವೆದರೆ ಮತ್ತೆ ಬೆಳೆಯುವುದಿಲ್ಲ. ಗುಡಿಗಳನ್ನು ಬಿಡಿಸಿ, ಅಂಗಳ ಮಾಡಿ, ಕಾಯ್ದು ಉಳಿಸಿದ್ದು ಪುರಾತತ್ವ ಇಲಾಖೆಯ ದೊಡ್ಡ ಕೆಲಸವೇ. ಗೋಡೆಗೆ ತೀರ ಆತುಕೊಂಡ ಮನೆಗಳು ಬೇರೆಡೆಗೆ ಹೋಗಬೇಕಾದರೆ ಹೋಗಲಿ, ಸರಿಯಾದ ಮನೆ, ಸರಿಯಾದ ಹಣ ಕೈಗೆ ಬಂದ ಮೇಲೆ, ಒಮ್ಮೆಗೇ, ಗೊತ್ತಾದ ದಿನಕ್ಕೆ ಹೋಗಲಿ. ಆದರೆ ಊರನ್ನೇ ಪೂರ್ತಿ ಎತ್ತಿ ಮೂರು ಮೈಲಿಯಾಚೆ ಇಟ್ಟು, ಇಲ್ಲಿ ಬರೀ ಹುಲ್ಲು ಬೆಳೆಸಿದರೆ ಐಹೊಳೆ ಉಳಿಯಿತೆಂದು ನನಗೆ ತೋರುವುದಿಲ್ಲ. ಬಡಿಗೇರಿಲ್ಲದ ಬಡಿಗೇರ ಗುಡಿಗೆ ಸಂಖ್ಯೆ ಕೊಟ್ಟರೂ ಆದೀತು.

ನಡೆಯುವ ಪ್ರವಾಸಿಗೂ ಈ ಸಂಗತಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಒಂದು ದಿನದಲ್ಲಿ ನೋಡಿ ಹೋಗುವವನು ಟಿಕೇಟಿನ ಹಣ ಕೊಡುತ್ತಾನೆ, ವಾಹನದ ಬಾಡಿಗೆ ಕೊಡುತ್ತಾನೆ, ದೂರದ ಊರಿನ ಹೋಟೆಲಿಗೆ ಕೊಡುತ್ತಾನೆ. ಐಹೊಳೆಯ ಕೈಗೆ ಬರುವುದು ಒಂದು ಎಳನೀರಿನ ಬೆಲೆ. ತನಗೆ ಏನೂ ತಾರದ ಗುಡಿ, ತನ್ನ ಮಾಳಿಗೆಯ ದುರಸ್ತಿಗೂ ಅಡ್ಡ ಬರುವ ಗುಡಿ, ಊರವನ ಕಣ್ಣಿಗೆ ಹೇಗೆ ಕಾಣಬೇಕು? ಅದೇ ಒಬ್ಬನು ರಾತ್ರಿ ಉಳಿದರೆ, ಎರಡು ಹೊತ್ತು ಉಂಡರೆ, ದಾರಿ ತೋರಿಸಲು ಹುಡುಗನನ್ನು ಕರೆದೊಯ್ದರೆ, ಆ ಹಣ ಸಣ್ಣದಾದರೂ ಓಣಿಯೊಳಗೇ ಉಳಿಯುತ್ತದೆ. ಈಗಿನ ಸ್ಥಿತಿಯಲ್ಲಿ ಪಟ್ಟದಕಲ್ಲು, ಐಹೊಳೆಗಳಲ್ಲಿ ಉಳಿಯುವ ಅನುಕೂಲ ತೀರ ಕಡಿಮೆ. ಇರುವ ಮನೆಗಳಲ್ಲಿಯೇ ಒಂದು ಕೋಣೆ ಅಚ್ಚುಕಟ್ಟು ಮಾಡಿ, ಶೌಚಾಲಯ ಕಟ್ಟಿಸಿ, ಊಟ ಹಾಕಲು ಊರವರಿಗೆ ಅಪ್ಪಣೆ ಮತ್ತು ಸ್ವಲ್ಪ ಸಾಲ ದೊರೆತರೆ ದೊಡ್ಡ ಹೋಟೆಲು ಬೇಕಾಗಿಲ್ಲ. ಇಂಥ ಕೆಲಸಕ್ಕೆ ಸುಣ್ಣ ಬಳಿದ ಗೋಡೆ, ಶುದ್ಧ ನೀರು, ಜೋಳದ ರೊಟ್ಟಿ ಇವಿಷ್ಟೇ ಬಂಡವಾಳ.

ಅತಿಥಿಯ ಕಡೆಯಿಂದಲೂ ಕೆಲವು ಮರ್ಯಾದೆಗಳುಂಟು. ಬಾಗಿಲಲ್ಲಿ ನಿಂತು ಒಳಗಿನ ಹೆಣ್ಣುಮಕ್ಕಳ ಚಿತ್ರ ತೆಗೆಯಬಾರದು. ನೀರು ಕೊಟ್ಟವರಿಗೆ ಹಣ ಚಾಚಬಾರದು. ಅದು ಈ ಸೀಮೆಯಲ್ಲಿ ಬೈಗುಳಕ್ಕೆ ಸಮ. ಊಟಕ್ಕೆ ಮಾತ್ರ ಮೊದಲೇ ಬೆಲೆ ಕೇಳಿ, ಚೌಕಾಶಿ ಮಾಡದೆ ಕೊಡಬೇಕು.

ಐಹೊಳೆಯಿಂದ ಅಮೀನಗಡ ಒಂದು ಬೆಳಗಿನ ನಡಿಗೆ. ಅಲ್ಲಿಯ ಕರದಂಟು ಹೆಸರುವಾಸಿ. ಅಂಟು, ಬೆಲ್ಲ, ಒಣಹಣ್ಣುಗಳು ಕೂಡಿದ ಆ ತುಂಡು ನಡೆದು ದಣಿದವನಿಗೆ ಔಷಧವೇ ಸರಿ. ಬಿಡುವಿದ್ದರೆ ಮುಂದೆ ಇಳಕಲ್ಲಿಗೆ ಹೋಗಿ, ಸೀರೆಯ ಒಡಲಿಗೆ ಕೆಂಪು ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕೈಚಳಕವನ್ನು ನೋಡಬಹುದು. ಬಿಡುವಿಲ್ಲದಿದ್ದರೆ ಬಸ್ಸು ಹಿಡಿದು ಗುಳೇದಗುಡ್ಡಕ್ಕೆ ಹೊರಳಿರಿ. ಅಲ್ಲಿಯ ಓಣಿಗಳಲ್ಲಿ ಕುಣಿಮಗ್ಗದ ಸದ್ದು ಹಿಂದಿನಷ್ಟಿಲ್ಲ, ಆದರೆ ನಿಂತಿಲ್ಲ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಖಣ ಕೊಳ್ಳುವವರು ಕಡಿಮೆಯಾದರು. ಮಗ್ಗದ ಮುಂದೆ ಕುಳಿತವರು ಅಂಗಡಿಯ ಬೆಲೆಗಿಂತ ಕಡಿಮೆಗೇ ಕೊಡುತ್ತಾರೆ. ತೇರಿನ ನಮೂನೆಯದೊಂದು ಖಣ ಕೊಂಡರೆ, ಚೀಲದಲ್ಲಿ ರೊಟ್ಟಿ ತೀರಿದ ಜಾಗ ಅದಕ್ಕೆ ಸಾಕು. ಗುಳೇದಗುಡ್ಡದಿಂದ ಬಾದಾಮಿಗೆ ಸಂಜೆಯೂ ಬಸ್ಸುಗಳುಂಟು.